ತಾಯಿಯಿಂದ ಮಗುವಿಗೆ

ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಅವಳದು. ಗುಂಡಿ ತೂರುವ ಆ ಚಿಕ್ಕ ಸೀಳಿನ ಸುತ್ತ ದಾರ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೂ ಮಾಲೀಕ ಅವಳಿಗೆ ಬಿಳಿ ಬಟ್ಟೆ ಬಿಟ್ಟು ಬೇರೆ ಕೊಡುತ್ತಿರಲಿಲ್ಲ. ತಲೆಯಿಂದ, ಮೊಣಕೈಯಿಂದ ಉದುರುವ ಹೊಟ್ಟು ಕಪ್ಪು ಬಟ್ಟೆಯ ಮೇಲೆ ಎದ್ದು ಕಾಣುತ್ತದಲ್ಲ! ಸೋರಿಯಾಸಿಸ್ ಎಂಬ ಹೆಸರು ಅಲ್ಲಿ ಯಾರ ನಾಲಿಗೆಯಲ್ಲೂ ಹೊರಳುತ್ತಿರಲಿಲ್ಲ. 'ಹೊಟ್ಟಮ್ಮ' ಎಂದು ಕರೆದು ಕೈತೊಳೆದುಕೊಂಡಿದ್ದರು.

ಮಗು ಬೇಕೆಂದು, ಬಸಿರಿಗೆ ಆಗದೆಂಬ ವೈದ್ಯರ ಮಾತಿನಂತೆ ಆ ಕಾಯಿಲೆಯ ಮಾತ್ರೆ ಬಿಟ್ಟು ತಿಂಗಳುಗಟ್ಟಲೆ ಕಾದಳು. ಆಗ ಮೈಯೆಲ್ಲ ಕೆಂಡ. ಬಟ್ಟೆ ಸೋಕಿದರೂ ಉರಿ. ಹಲ್ಲು ಕಚ್ಚಿಕೊಂಡು ಸಹಿಸಿದಳು. ಬಸಿರು ನಿಂತ ಮೇಲೆ ನೋಡಿ, ಚರ್ಮ ತಾನಾಗಿಯೇ ತಿಳಿಯಾಗತೊಡಗಿತು. ಐದನೇ ತಿಂಗಳಿಗೆ ಮೊಣಕೈ ನುಣುಪಾಯಿತು. ಅತ್ತೆಗೆ ಹಿಗ್ಗೋ ಹಿಗ್ಗು. ಎಲ್ಲ ತಾವು ಹಚ್ಚಿದ ಎಣ್ಣೆಯ ಮಹಿಮೆ ಎಂದು ಓಣಿಯಲ್ಲೆಲ್ಲ ಸಾರಿಬಂದರು.

ಹೆಣ್ಣುಮಗು ಹುಟ್ಟಿ ಆರು ವಾರಕ್ಕೆ ಕಾಯಿಲೆ ಇಮ್ಮಡಿಯಾಗಿ ಮರಳಿತು. ಅತ್ತೆ ಅವಳನ್ನು ಚರ್ಮದ ಡಾಕ್ಟರಮ್ಮನ ಬಳಿ ಕರೆದೊಯ್ದರು. "ಇದು ಅಂಟೋ ಕಾಯಿಲೆ ಅಲ್ಲ. ಆದ್ರೆ ತಾಯಿಯಿಂದ ಮಗೂಗೆ ಬರಬಹುದು," ಅಂದರು ಡಾಕ್ಟರಮ್ಮ. ಅತ್ತೆಯ ಕಿವಿ ಮೊದಲ ಮಾತನ್ನು ಅಲ್ಲೇ ಬಿಟ್ಟು, ಎರಡನೆಯದನ್ನು ಮಾತ್ರ ಮನೆಗೆ ಹೊತ್ತು ತಂದಿತು. ಅಂದೇ ತೊಟ್ಟಿಲು ಅತ್ತೆಯ ಕೋಣೆ ಸೇರಿತು, ಮಗುವಿನ ಬಾಯಿಗೆ ಬಾಟಲಿ ಬಂತು.

ರಕ್ತದಲ್ಲಿ ಬರುವುದಕ್ಕೂ ಮುಟ್ಟಿದರೆ ಬರುವುದಕ್ಕೂ ಅಜಗಜಾಂತರ ಎಂದು ಅವಳು ಬಾಯಿ ನೋಯುವಷ್ಟು ಹೇಳಿದಳು. ಗಂಡನೆಂಬ ಮಹಾನುಭಾವ ಮೊಬೈಲಿನಿಂದ ತಲೆಯೆತ್ತದೆ, ಅಮ್ಮ ಹೇಳಿದ ಹಾಗೆ ಕೇಳು ಅಂದ. ಪಕ್ಕದ ಕೋಣೆಯಲ್ಲಿ ಮಗು ಅತ್ತಾಗಲೆಲ್ಲ ಇವಳ ಎದೆ ತೋಯುತ್ತಿತ್ತು. ಬಾಗಿಲು ತಟ್ಟಿದರೆ ಒಳಗಿನಿಂದ ಚಿಲಕ. ಕೆಲವೇ ವಾರಗಳಲ್ಲಿ ಹಾಲು ಬತ್ತಿಹೋಯಿತು.

ಮಗುವಿಗೆ ಎಂಟು ತಿಂಗಳಾದಾಗ ಹಟ ಹಿಡಿದು, ಅತ್ತೆಯನ್ನೂ ಗಂಡನನ್ನೂ ಅದೇ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಆಕೆ ಚೆನ್ನಾಗಿಯೇ ಗದರಿದರು: ಬರುವ ಗುಣವಿದ್ದರೆ ಅದು ಹುಟ್ಟುವಾಗಲೇ ಬಂದಾಗಿದೆ, ಎತ್ತಿಕೊಂಡರೆ ಏನೂ ಆಗದು, ಎದೆಹಾಲು ಬಿಡಿಸಿದ್ದಂತೂ ಶುದ್ಧ ತಪ್ಪು. ಅತ್ತೆಯ ಮುಖ ಹುಳ್ಳಗಾಯಿತು. ಮನೆಗೆ ಬಂದವರೇ ಕೂಸನ್ನು ಅವಳ ಮಡಿಲಿಗೆ ಹಾಕಿದರು.

"ತಗೋ, ನಿನ್ ಮಗಳು."

ಅವಳು ಎದೆಗಪ್ಪಿಕೊಂಡಳು. ಮಗು ಒಂದು ಕ್ಷಣ ಅವಳ ಮುಖ ನೋಡಿ, ತುಟಿ ಸೊಟ್ಟ ಮಾಡಿ, ಕಿಟಾರನೆ ಕಿರುಚಿಕೊಂಡು ಎರಡೂ ಕೈಗಳನ್ನು ಅಜ್ಜಿಯತ್ತ ಚಾಚಿತು.

"ನೋಡು, ನಾನೇನೂ ಹೇಳ್ಕೊಟ್ಟಿಲ್ಲಮ್ಮ," ಅಂದರು ಅತ್ತೆ, ಮಗುವನ್ನು ಮತ್ತೆ ಎತ್ತಿಕೊಳ್ಳುತ್ತ.