ಎಸರಿಲ್ಲದೆ ಕೂಡಿದ ಹಿಟ್ಟು

1991ರಲ್ಲಿ, ಏಳನೇ ಇಯತ್ತೆಯ ಪರೀಕ್ಷೆಗೆ ಎರಡು ತಿಂಗಳು ಇರುವಾಗ ನಾನು ಶಾಲೆ ಬಿಟ್ಟೆ. ದಡ್ಡನಾಗಿದ್ದಕ್ಕೆ ಬಿಡಲಿಲ್ಲ, ಲೆಕ್ಕದಲ್ಲಿ ನಮ್ಮ ವರ್ಗಕ್ಕೆ ನಾನೇ ಮುಂದಿದ್ದೆ. ಬೆಳ್ಳಟ್ಟಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅದನ್ನು ನಡೆಸಬೇಕಾದ ಅಪ್ಪ ಹಗಲು ಹೊತ್ತು ಕುಂತಲ್ಲೇ ನಿದ್ದೆಗೆ ಜಾರುತ್ತಿದ್ದ. ಕಾಳು ಮುಗಿದರೂ ಕಲ್ಲು ಖಾಲಿ ತಿರುಗುತ್ತಿತ್ತು. ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ನಗುತ್ತಿದ್ದರು. "ಈ ಗಿರಣ್ಯಾಗ ಕಲ್ಲಿನಕಿಂತ ಗೊರಕಿ ಸಪ್ಪಳನ ಜಾಸ್ತಿ ಆತ ನೋಡವಾ."

ರಾತ್ರಿ ಅಪ್ಪ ಮಲಗುತ್ತಿರಲಿಲ್ಲ. ಕಾಲೊಳಗೆ ಏನೋ ಹರಿದಾಡುತ್ತದೆ ಎಂದು ಓಣಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದ. ಊರಿಗೆ ಪುಕ್ಕಟೆ ಗಸ್ತಿನವ ಸಿಕ್ಕಾನ ಎಂದು ಜನ ಆಡಿಕೊಂಡರು. ಅವನು ಮೈಗಳ್ಳ ಎಂದು ನಾನು ಹದಿಮೂರನೇ ವಯಸ್ಸಿಗೇ ತೀರ್ಮಾನ ಮಾಡಿದೆ. ಪಾಟಿಚೀಲ ಗೂಟಕ್ಕೆ ಹಾಕಿ ಗಿರಣಿಗೆ ನಿಂತೆ. ನಾಲ್ಕು ವರ್ಷಕ್ಕೆ ಅಪ್ಪ ಸೊರಗಿ, ಎಲುಬಿನ ಹಂದರವಾಗಿ ತೀರಿಕೊಂಡ. ಆಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.

ಅಪ್ಪ ಹಾಕಿಕೊಟ್ಟ ಒಂದು ಪದ್ಧತಿಯನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮ ಗಿರಣಿಗೆ ಒಂದೇ ಜೋಡಿ ಕಲ್ಲು. ಗೋಧಿ, ಜೋಳ, ಕಡಲೆ ಎಲ್ಲ ಅದರಲ್ಲೇ ಬೀಸಬೇಕು. ಒಬ್ಬರ ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದೆ. ಹಿಂದಿನಿಂದ ಇನ್ನೊಬ್ಬರ ಜೋಳ ಹಾಕಿದರೆ ಮೊದಲು ಬರುವ ಹಿಟ್ಟಿನಲ್ಲಿ ಅದು ಬೆರೆಯುತ್ತದೆ. ಬೇರೆ ಗಿರಣಿಗಳಲ್ಲಿ ಅದನ್ನು ಹಾಗೇ ಗಿರಾಕಿಯ ಡಬ್ಬಿಗೆ ಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಮೊದಲ ಎರಡು ಬೊಗಸೆ ಹಿಟ್ಟನ್ನು ನಮ್ಮ ಡಬ್ಬಿಗೆ ಹಿಡಿದು, ನಮ್ಮ ಮನೆಯ ಕಾಳಿನಿಂದ ಎರಡು ಬೊಗಸೆ ಅವರಿಗೆ ಸೇರಿಸಿ ಬೀಸಿಕೊಡುವುದು. ಗಿರಾಕಿಗೆ ಅಪ್ಪಟ ಹಿಟ್ಟು, ಬೆರಕೆ ನಮಗೆ. ಗೋಧಿಯ ಹಿಂದೆ ಜೋಳ ಬಂದರೆ ಜೋಳದ ಡಬ್ಬಿ, ಜೋಳದ ಹಿಂದೆ ಗೋಧಿ ಬಂದರೆ ಗೋಧಿಯ ಡಬ್ಬಿ, ಎರಡನ್ನೂ ಬೇರೆ ಬೇರೆ ಇಟ್ಟಿದ್ದೆವು. ಸಂಜೆ ಅವೆರಡನ್ನೂ ಮನೆಗೆ ಒಯ್ಯುತ್ತಿದ್ದೆ. ನಮ್ಮ ಮನೆಯ ರೊಟ್ಟಿ ಚಪಾತಿ ಎಲ್ಲ ಆ ಡಬ್ಬಿಗಳ ಮೇಲೆಯೇ ನಡೆಯುತ್ತಿದ್ದವು.

ಈ ಮಾತನ್ನು ನಾನು ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳುತ್ತಿದ್ದೆ. ಶಿರಹಟ್ಟಿಯಲ್ಲಿ ದೊಡ್ಡ ಗಿರಣಿಗಳಿದ್ದರೂ ಸುತ್ತಲಿನ ಹಳ್ಳಿಯವರು ನನ್ನ ಕಲ್ಲಿಗೆ ಬರುತ್ತಿದ್ದರು. ವಾರಕ್ಕೊಮ್ಮೆ ಉಳಿ ಹಿಡಿದು ಕಲ್ಲಿಗೆ ನಾನೇ ಕಚ್ಚು ಹೊಡೆಯುತ್ತಿದ್ದೆ. ಹೆಬ್ಬೆರಳಿನಿಂದ ತಿಕ್ಕಿ ನೋಡಿ, ಇದು ಯಾವ ಕಾಳು, ಹಳೆಯದೋ ಹೊಸದೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ನಲವತ್ತು ದಾಟಿದ ಮೇಲೆ ನನ್ನ ಕಾಲು ಹರಿಯತೊಡಗಿದವು.

ಹಾಸಿಗೆಗೆ ಬಿದ್ದು ಅರ್ಧ ತಾಸಾಗುವುದರೊಳಗೆ ಮೀನಖಂಡದಲ್ಲಿ ಇರುವೆಗಳ ಸಾಲು. ನೋವಲ್ಲ, ತುರಿಕೆಯೂ ಅಲ್ಲ. ಕಾಲು ಒದರಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಎದ್ದು ತಿರುಗಿದರೆ ಹಾಯೆನಿಸುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದವು, ಅಷ್ಟರಲ್ಲಿ ಗಿರಣಿ ತೆರೆಯುವ ಹೊತ್ತು. ಹೊಟ್ಟೆ ಸದಾ ಉಬ್ಬರ. ಉಂಡದ್ದು ಮೈಗೆ ಹತ್ತಲಿಲ್ಲ. ಮೂವತ್ತು ಕಿಲೋ ಚೀಲ ಎತ್ತುತ್ತಿದ್ದವನಿಗೆ ಇಪ್ಪತ್ತು ಎತ್ತಿದರೆ ಏದುಸಿರು. ಓಣಿಯಲ್ಲಿ ತಿರುಗಿದರೆ ಜನ ಅಪ್ಪನ ಹೆಸರು ತೆಗೆಯುತ್ತಾರೆಂದು ನಾನು ಹಿತ್ತಲಿನಲ್ಲೇ ತಿರುಗುತ್ತಿದ್ದೆ.

ಎರಡು ವರ್ಷ ಊರೂರು ಔಷಧವಾಯಿತು. ಲಕ್ಷ್ಮೇಶ್ವರದಲ್ಲಿ ನಿದ್ದೆ ಗುಳಿಗೆ ಕೊಟ್ಟರು. ಅವನ್ನು ನುಂಗಿದರೆ ತಲೆ ಮಲಗುತ್ತಿತ್ತು, ಕಾಲು ಎಚ್ಚರವೇ ಇರುತ್ತಿದ್ದವು. ರಕ್ತ ಕಡಿಮೆ ಎಂದು ಇನ್ನೊಬ್ಬರು ಕಬ್ಬಿಣದ ಗುಳಿಗೆ ಬರೆದರು. ರಕ್ತ ಏರಲಿಲ್ಲ. ಕೊನೆಗೆ ಗದಗಿನಲ್ಲಿ ಒಬ್ಬ ಡಾಕ್ಟರಮ್ಮ ಬೇರೆ ರಕ್ತಪರೀಕ್ಷೆ ಮಾಡಿಸಿದರು, ಬಾಯಿಯಿಂದ ದುರ್ಬೀನು ಇಳಿಸಿ ಕರುಳು ನೋಡಿಸಿದರು. ವರದಿ ಬಂದ ದಿನ ನನ್ನನ್ನೂ ಹೆಂಡತಿಯನ್ನೂ ಎದುರು ಕೂಡಿಸಿಕೊಂಡರು.

"ನಿಮ್ಮ ಕರಳು ಗೋಧೀನ ತಡಕೊಳ್ಳಾಂಗಿಲ್ರಿ ಯಜಮಾನ್ರ. ಗೋಧ್ಯಾಗ ಗ್ಲುಟೆನ್ ಅಂತ ಇರತೈತಿ. ಹಿಟ್ಟು ನಾದಿದಾಗ ಜಿಗಿ ಬರತೈತಲ್ಲ, ಅದನ. ಅದು ನಿಮ್ಮ ಕರಳಿನ ಒಳಮೈ ಸವಸಾಕತ್ತೈತಿ. ಉಂಡದ್ದು ರಕ್ತಕ್ಕ ಹೋಗೂದಿಲ್ಲ. ಕಬ್ಬಿಣ ಇಳದ್ರ ಕಾಲು ಹರಿತಾವ. ನಿದ್ದಿ ಎಲ್ಲಿಂದ ಬರಬೇಕು?"

ಹಿಟ್ಟಿನ ಜಿಗಿಯ ಬಗ್ಗೆ ನನಗೇ ಪಾಠ ಹೇಳುತ್ತಾರಲ್ಲ ಎನಿಸಿತು. "ಮತ್ತ ಏನ ತಿನ್ಲಿರಿ?" ಎಂದೆ.

"ಜ್ವಾಳ ತಿನ್ರಿ, ಅಕ್ಕಿ ತಿನ್ರಿ. ಗೋಧಿ ಒಂದು ಚಿಟಿಕಿನೂ ಬ್ಯಾಡ. ಏನ ಉದ್ಯೋಗ ನಿಮ್ದು?"

"ಹಿಟ್ಟಿನ ಗಿರಣಿರಿ."

ಅವರು ಬರೆಯುವುದನ್ನು ನಿಲ್ಲಿಸಿದರು. "ಬಿಡಾಕ ಆಗತೈತೇನ್ರಿ ಅದನ್ನ?"

"ಬಿಟ್ಟು ಏನ ಮಾಡ್ಲಿರಿ? ಡಾಕ್ಟರ ಆಗ್ಲಿ?"

ಅವರು ನಕ್ಕರು, ಹೆಂಡತಿ ನಗಲಿಲ್ಲ. ಧೂಳು ಬಾಯಿಂದ ಹೊಟ್ಟೆಗೆ ಇಳಿಯುತ್ತದೆ, ಮೂಗು ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಬೇಕು ಎಂದರು. ಏಳುವಾಗ ಕೇಳಿದರು, "ಮನ್ಯಾಗ ಬ್ಯಾರೆ ಯಾರಿಗರೆ ಹಿಂಗ ಇತ್ತೇನು? ಇದು ರಕ್ತಸಂಬಂಧದಾಗ ಬರತೈತಿ."

"ಯಾರಿಗೂ ಇಲ್ರಿ" ಎಂದೆ. ಅಪ್ಪನ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಅಂದಿನಿಂದ ಚಪಾತಿ ಬಿಟ್ಟೆ. ಉಪ್ಪಿಟ್ಟು ಬಿಟ್ಟೆ, ಹಬ್ಬದ ಗೋಧಿ ಮಾದ್ಲಿ ಬಿಟ್ಟೆ, ಚಹಾದ ಜೊತೆಗಿನ ಬಿಸ್ಕೀಟು ಬಿಟ್ಟೆ. ಮೂಗಿಗೆ ಬಟ್ಟೆ ಬಂತು. ಲಕ್ಷ್ಮೇಶ್ವರದ ಸಂಬಂಧಿಕರ ಮದುವೆಯಲ್ಲಿ ಬೀಗರೊಬ್ಬರು ಗೋಧಿ ಹುಗ್ಗಿಯ ಸೌಟು ಹಿಡಿದು ನನ್ನ ಎಲೆಯ ಮುಂದೆ ನಿಂತೇಬಿಟ್ಟರು. "ಊರಿಗೆಲ್ಲ ಗೋಧಿ ಬೀಸಿ ಹಾಕಾವ, ನಮ್ಮ ಮನಿ ಹುಗ್ಗಿ ಗಂಟಲಕ್ಕ ಇಳಿಯೂದಿಲ್ಲೇನಲೇ?" ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಪಂಕ್ತಿಯೆಲ್ಲ ನನ್ನನ್ನೇ ನೋಡಿತು. ಹಟ ಹಿಡಿದರೆ ನಾನು ಹಾಗೆಯೇ.

ಮನೆಯಲ್ಲಿ ನನಗೆ ಜೋಳದ ಡಬ್ಬಿಯ ರೊಟ್ಟಿ ಮಾತ್ರ. ಅದೇ ದಿನಗಳಲ್ಲಿ ಒಮ್ಮೆ ಹೆಂಡತಿ ಒಲೆಯ ಮುಂದೆ ಕುಂತು, "ರೀ, ನಮ್ಮ ಜ್ವಾಳದ ಹಿಟ್ಟಿಗೆ ಎಸರ ಬೇಕಾಗಾಂಗಿಲ್ಲ ನೋಡ್ರಿ. ತಣ್ಣೀರಾಗ ಕೂಡತೈತಿ. ಎಷ್ಟು ಬಡದರೂ ಅಂಚು ಹರಿಯೂದಿಲ್ಲ" ಎಂದಳು.

ಹೊಸ ಜೋಳಕ್ಕೆ ಅಷ್ಟಿಷ್ಟು ಜಿಗಿ ಇರುತ್ತದೆ. ಹಳೆಯದಕ್ಕೆ ಕುದಿಯುವ ಎಸರು ಹಾಕದಿದ್ದರೆ ರೊಟ್ಟಿ ಏಳುವುದಿಲ್ಲ, ಅಂಚೆಲ್ಲ ಸೀಳುತ್ತದೆ. ಇದು ನಮ್ಮ ಕಡೆ ಸಣ್ಣ ಹುಡುಗಿಗೂ ಗೊತ್ತು. ಶ್ರಾವಣ ಮುಗಿದಿತ್ತು, ಮನೆಮನೆಯಲ್ಲೂ ಹಳೆಯ ಜೋಳ. ಆದರೂ ನಾನು ಹೇಳಿದ್ದೇನೆಂದರೆ, "ಅದು ಕಲ್ಲಿನ ಗುಣ. ಬ್ಯಾರೆ ಗಿರಣ್ಯಾಗ ಹಂಗ ಬೀಸಿ ತೋರಸ್ಲಿ ನೋಡೂನು."

ಆರು ತಿಂಗಳಾಯಿತು. ನಿದ್ದೆ ಬರಲಿಲ್ಲ. ಮತ್ತೆ ಗದಗಿಗೆ ಹೋದಾಗ ರಕ್ತ ಇನ್ನೂ ಇಳಿದಿತ್ತು. "ಎಲ್ಲೋ ಗೋಧಿ ಹೊಟ್ಟಿಗೆ ಹೋಗಾಕತ್ತೈತಿ. ಮನ್ಯಾಗ ಅಡಗಿ ಮಾಡವ್ರನ್ನ ಕೇಳ್ರಿ" ಎಂದರು ಡಾಕ್ಟರಮ್ಮ.

ಕೇಳುವ ಬಗೆ ನನಗೆ ಗೊತ್ತಿರಲಿಲ್ಲ. ಬಸ್ಸಿಳಿದವನೇ ಗಿರಣಿಗೆ ಹೋದೆ. ನಾನಿಲ್ಲದಾಗ ಹೆಂಡತಿಯೇ ಅದನ್ನು ನೋಡಿಕೊಳ್ಳುತ್ತಿದ್ದಳು. ನಾಲ್ಕೈದು ಹೆಣ್ಣುಮಕ್ಕಳು ಪಾಳಿಯಲ್ಲಿ ಕುಂತಿದ್ದರು. ಅವರೆದುರಿಗೇ ಕೇಳಿದೆ. "ರೊಟ್ಟಿ ಚಂದ ಏಳ್ಲಿ ಅಂತ ಗೋಧಿ ಹಿಟ್ಟು ಕೂಡಸ್ತೀಯೇನು?"

ಅವಳು ಕೈಯಲ್ಲಿದ್ದ ಸೇರು ಕೆಳಗಿಟ್ಟಳು. "ಇಲ್ಲ."

"ಸುಳ್ಳ ಹೇಳಬ್ಯಾಡ. ನನ್ನ ಕೊಲ್ಲಾಕ ನಿಂತಿ ನೀ."

"ದೇವರಾಣಿ, ಇಲ್ಲ. ಹಿಟ್ಟು ನೀವ ತರ್ತೀರಿ, ನಾ ನಾದತೀನಿ. ಅಷ್ಟ ನನಗ ಗೊತ್ತು."

ಮರುದಿನ ಅವಳು ಮುಂಡರಗಿ ಬಸ್ಸು ಹತ್ತಿದಳು, ತವರಿಗೆ. ನಾನು ತಡೆಯಲಿಲ್ಲ. ಅವ್ವ ರೊಟ್ಟಿ ಬಡಿಯಲು ಕುಂತಳು. ಎಪ್ಪತ್ತೈದರ ಮುದುಕಿ, ಅವಳಿಗೂ ಅದೇ ಡಬ್ಬಿ, ಅದೇ ಹಿಟ್ಟು. "ನಿಮ್ಮಪ್ಪನೂ ನಿದ್ದಿಗೆಟ್ಟಾಗ ಹಿಂಗ ನನ್ನ ಬೈತಿದ್ದ" ಎಂದಷ್ಟೇ ಅಂದಳು. ಹತ್ತು ದಿನ, ಹದಿನೈದು ದಿನ. ಅವ್ವನ ಕೈಯ ರೊಟ್ಟಿ ತಿಂದರೂ ಕಾಲು ಹರಿಯುವುದು ನಿಲ್ಲಲಿಲ್ಲ. ಹಾಗಾದರೆ ಹೆಂಡತಿಯದು ತಪ್ಪಿಲ್ಲ ಎಂದು ನನಗೆ ಅಷ್ಟರಲ್ಲೇ ಹೊಳೆಯಿತು. ಹೊಳೆದರೂ ಮುಂಡರಗಿಗೆ ಹೋಗಲಿಲ್ಲ. ಅಷ್ಟು ಜನರೆದುರು ಆಡಿದ ಮಾತು, ಅದನ್ನು ಹಿಂದಕ್ಕೆ ತೆಗೆದುಕೊಂಡು ನನಗೆ ರೂಢಿಯಿರಲಿಲ್ಲ.

ಇಪ್ಪತ್ತನೇ ದಿನವೋ ಏನೋ, ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಮುದುಕಿಯ ಜೋಳ ಬೀಸುತ್ತಿದ್ದೆ. ಹಿಂದಿನ ರಾತ್ರಿ ಒಂದು ಕ್ಷಣವೂ ಕಣ್ಣು ಮುಚ್ಚಿರಲಿಲ್ಲ. ನಿಂತಲ್ಲೇ ತೂಕಡಿಕೆ ಬಂತು. ಬೀಳುವವನು ಆಸರೆಗೆಂದು ಕೈ ಚಾಚಿದ್ದು ಮೋಟರಿನ ಪಟ್ಟಾದ ಮೇಲೆ. ಎಚ್ಚರವಾದದ್ದು ನೋವಿಗಲ್ಲ, ಮುದುಕಿಯ ಕೂಗಿಗೆ. ಅವಳೇ ಓಡಿಹೋಗಿ ಸ್ವಿಚ್ ಆರಿಸಿದಳು, ಇಲ್ಲದಿದ್ದರೆ ಕೈಯೇ ಹೋಗುತ್ತಿತ್ತು. ಬಲಗೈಯ ಉಂಗುರ ಬೆರಳು, ಕಿರುಬೆರಳು ಹೋದವು. ಅವಳ ಡಬ್ಬಿಯ ಹಿಟ್ಟೆಲ್ಲ ರಕ್ತವಾಯಿತು. ನನ್ನ ಗಿರಣಿಯಲ್ಲಿ ಇನ್ನೊಬ್ಬರ ಹಿಟ್ಟು ಕೆಟ್ಟದ್ದು ಅದೊಂದೇ ಸಲ.

ಗದಗಿನ ಆಸ್ಪತ್ರೆಗೆ ಹೆಂಡತಿ ಬಂದಳು. ಕೈಗೆ ಕಟ್ಟಿದ ಪಟ್ಟಿ ನೋಡಿದಳು, ಬುತ್ತಿ ಬಿಚ್ಚಿದಳು. ಅಲ್ಲಿಂದ ಬಿಟ್ಟ ಮೇಲೆ ನನ್ನನ್ನು ಮುಂಡರಗಿಗೇ ಕರೆದೊಯ್ದಳು. ಅವ್ವನಿಂದ ನನ್ನ ಆರೈಕೆ ಆಗುವ ಹಾಗಿರಲಿಲ್ಲ. ಹೆಂಡತಿಯ ಮನೆಯಲ್ಲಿ ಬಿದ್ದುಕೊಳ್ಳುವುದು ನನಗೆ ಬೆರಳು ಹೋದದ್ದಕ್ಕಿಂತ ದೊಡ್ಡ ಅವಮಾನವೆನಿಸಿತ್ತು. ಆದರೂ ಹೋದೆ.

ಅಲ್ಲಿ ಎರಡು ತಿಂಗಳಿದ್ದೆ. ಮೊದಮೊದಲು ನಿದ್ದೆ ಬಂದದ್ದು ನೋವಿನ ಗುಳಿಗೆಯಿಂದ ಎಂದುಕೊಂಡೆ. ಗುಳಿಗೆ ನಿಂತವು, ನಿದ್ದೆ ನಿಲ್ಲಲಿಲ್ಲ. ಐದನೇ ವಾರದಲ್ಲಿ ಒಂದು ದಿನ ರಾತ್ರಿ ಮಲಗಿದವನು ಕೋಳಿ ಕೂಗಿದ ಮೇಲೆ ಎದ್ದೆ. ನಡುವೆ ಒಮ್ಮೆಯೂ ಕಾಲು ಹರಿದಿರಲಿಲ್ಲ. ಖುಷಿಯಾಗಲಿಲ್ಲ. ಹೆದರಿಕೆಯಾಯಿತು.

ಅಡುಗೆಮನೆಗೆ ಹೋದೆ. ಹೆಂಡತಿ ರೊಟ್ಟಿ ಮಾಡುತ್ತಿದ್ದಳು. ಒಲೆಯ ಮೇಲೆ ಬೋಗುಣಿಯಲ್ಲಿ ನೀರು ಮರಳುತ್ತಿತ್ತು. ಅದನ್ನು ಇಕ್ಕಳದಲ್ಲಿ ಎತ್ತಿ ಹಿಟ್ಟಿಗೆ ಸುರಿದಳು, ಕಟ್ಟಿಗೆಯ ಸೌಟಿನಿಂದ ತಿರುವಿದಳು.

"ಯಾಕ ಎಸರ ಇಟ್ಟಿ? ನಮ್ಮನ್ಯಾಗ ಇಡೂದಿಲ್ಲಲ್ಲ" ಎಂದೆ.

"ಈ ಹಿಟ್ಟಿಗೆ ಜಿಗಿ ಇಲ್ರಿ. ಇಲ್ಲೆ ಜ್ವಾಳದ್ದ ಬ್ಯಾರೆ ಗಿರಣಿ ಐತಿ, ಬರೇ ಜ್ವಾಳ ಬೀಸ್ತಾರ."

ಹೇಳಿದವಳು ತಾನೇ ಕೈ ನಿಲ್ಲಿಸಿದಳು. ಹಿಟ್ಟಿನ ಆವಿ ಇಬ್ಬರ ನಡುವೆ ಏಳುತ್ತಿತ್ತು. ಗೋಡೆಗೆ ಆತು ಕುಂತೆ. ಗೋಧಿಯ ಹಿಂದೆ ಬೀಸಿದ ಜೋಳದ ಮೊದಲ ಎರಡು ಬೊಗಸೆ. ಊರವರ ಹಿಟ್ಟು ಶುದ್ಧವಾಗಲಿ ಎಂದು ಕಲ್ಲು ಝಾಡಿಸಿ ಬಂದ ಗೋಧಿಯೆಲ್ಲ ಇಪ್ಪತ್ತು ಗಿರಾಕಿಗಳಿಂದ ಒಂದೇ ಡಬ್ಬಿಗೆ. ಕಣ್ಣಿಗೆ ಜೋಳ, ಹೆಬ್ಬೆರಳಿಗೆ ಜೋಳ, ಹೆಸರೂ ಜೋಳದ ಡಬ್ಬಿ. ಕೂಡಿಸಿದವರು ಯಾರು ಎಂದು ಗಿರಣಿ ತುಂಬ ಜನರಿರುವಾಗ ಕೇಳಿದ್ದೆ.

"ನಾ ಹೇಳಿದ್ನಲ್ರಿ ನಿಮಗ" ಎಂದಳು ಅವಳು, ಮೆಲ್ಲಗೆ. "ತಣ್ಣೀರಾಗ ಕೂಡತೈತಿ ಅಂತ."

"ಹೇಳಿದ್ದಿ."

ಅವಳು ಹಿಟ್ಟು ನಾದತೊಡಗಿದಳು. ಮುಖ ಎತ್ತದೆಯೇ, "ಮಾವಾರೂ ಇದ ಡಬ್ಬಿ ಹಿಟ್ಟು ಉಂಡಾರಲ್ರಿ" ಎಂದಳು.

ಅಪ್ಪ ತೀರಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಅವತ್ತು ಬೆಳಗ್ಗೆ, ಹೆಂಡತಿಯ ತವರಿನ ಅಡುಗೆಮನೆಯಲ್ಲಿ, ಅವನಿಗಾಗಿ ಮೊದಲ ಸಲ ಅತ್ತೆ. ಮೈಗಳ್ಳನಾಗಿದ್ದರೆ ಗಿರಾಕಿಯ ಹಿಟ್ಟಿನಲ್ಲಿ ಬೆರಕೆ ಬಿಟ್ಟು ಸುಮ್ಮನೆ ಕೂಡುತ್ತಿದ್ದ, ಇನ್ನೂ ನಾಲ್ಕು ವರ್ಷ ಹೆಚ್ಚು ಬದುಕುತ್ತಿದ್ದನೇನೋ.

ಊರಿಗೆ ಬಂದ ಮೇಲೆ ಪಾಳಿಯ ಹೆಣ್ಣುಮಕ್ಕಳನ್ನು ಕರೆದು, ಅವತ್ತು ನಾನು ಆಡಿದ್ದು ತಪ್ಪು ಮಾತು ಎಂದು ಹೇಳಿದೆ. ಒಬ್ಬಳು, "ಅದನ್ನ ನಮಗ್ಯಾಕ ಹೇಳ್ತಿ ಎಣ್ಣಾ, ಅಕಿಗೆ ಹೇಳು" ಎಂದಳು. ಹೇಳಿದ್ದೇನೆ. ಅವಳು ಹೂಂ ಎಂದಿದ್ದಾಳೆ. ಈಗಲೂ ನನ್ನ ರೊಟ್ಟಿಯ ಹಿಟ್ಟನ್ನು ನಾದುವ ಮೊದಲು ನನ್ನ ಮುಂದೆ ತಂದು ತೋರಿಸುತ್ತಾಳೆ. ಬೇಡವೆಂದರೂ ಬಿಡುವುದಿಲ್ಲ.

ಡಬ್ಬಿಯ ಹಿಟ್ಟು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ತಿಂಗಳು ಗಿರಣಿ ನಡೆಸಿ ನೋಡಿದೆ. ಧೂಳಿಗೇ ಕಾಲು ಮತ್ತೆ ಹರಿದವು. ಕಲ್ಲು, ಮೋಟರು ಬಿಚ್ಚಿ ಲಕ್ಷ್ಮೇಶ್ವರದವರಿಗೆ ಕೊಟ್ಟುಬಿಟ್ಟೆ. ಒಯ್ಯುವ ಟೆಂಪೋ ಹೊರಡುವ ತನಕ ಅವ್ವ ಕಟ್ಟೆಯ ಮೇಲೆ ಕುಂತಿದ್ದಳು. "ನಿಮ್ಮಪ್ಪಗ ಇದನ್ನ ಹೇಳಾವ್ರು ಯಾರೂ ಸಿಗಲಿಲ್ಲ ನೋಡು" ಎಂದು ಒಳಗೆ ಹೋದಳು. ಮನೆಯ ಹಳೆಯ ಬೀಸುಕಲ್ಲಿನಲ್ಲಿ ಗೋಧಿ ಬೀಸಿದ್ದೆವು, ಹೀಗಾಗಿ ಶಿರಹಟ್ಟಿಯಿಂದ ಹೊಸದು ತಂದೆ. ನನ್ನ ಜೋಳ ನಾನೇ ಬೀಸಿಕೊಳ್ಳುತ್ತೇನೆ. ಮೂರು ಬೆರಳಿನ ಹಿಡಿತಕ್ಕೆ ಗೂಟ ಜಾರುತ್ತದೆ, ಅರಿವೆ ಸುತ್ತಿದ್ದೇನೆ.

ಈಗ ನನ್ನ ಹತ್ತಿರ ಇರುವುದು: ಬೆರಳು ಎಂಟು. ಹೊಲ ಎರಡು ಎಕರೆ. ಎಮ್ಮೆ ಎರಡು. ಬೀಸುಕಲ್ಲು ಒಂದು, ಹಂಚು ಒಂದು, ಹಿಟ್ಟಿನ ಡಬ್ಬಿ ಒಂದು. ಖಾಲಿ ಗಿರಣಿಯ ನೆಲದಲ್ಲಿ ಹೂತ ಬೋಲ್ಟು ನಾಲ್ಕು. ರಾತ್ರಿಗೆ ನಿದ್ದೆ ಐದು ತಾಸು.