ಉಮಿಯಲ್ಲಿ ಬರೆದ ಅಡುಗೆಮನೆ

ನಮ್ಮ ಹೊಸ ಅಡುಗೆಮನೆಯನ್ನು ಮೊದಲು ಕಟ್ಟಿದ್ದು ಅಂಗಳದಲ್ಲಿ, ಭತ್ತದ ಉಮಿಯಿಂದ. ಗೋಡೆಯ ಎತ್ತರ ಒಂದು ಬೆರಳು. ಆಚೆಮನೆಯ ಕೋಳಿಗಳು ಮಧ್ಯಾಹ್ನದೊಳಗೆ ಅದನ್ನು ಕೆದರಿ ಚೆಲ್ಲಾಡಿದವು. ದೇವರು ದೊಡ್ಡವನು, ಅಷ್ಟರೊಳಗೆ ನಮಗೆ ಬೇಕಾದದ್ದು ಸಿಕ್ಕಿತ್ತು.

ಕೋಟೇಶ್ವರದ ಹತ್ತಿರ ನಮ್ಮದು ಹಂಚಿನ ಮನೆ. ಅಡುಗೆಮನೆಯ ಮಾಡಿನ ತೊಲೆಗೆ ಗೆದ್ದಲು ಹಿಡಿದಿತ್ತು. ಆ ಭಾಗವನ್ನಷ್ಟೇ ಕೆಡವಿ ಹೊಸದು ಕಟ್ಟಿಸುವುದು ಎಂದಾಯಿತು. ನನಗೆ ಒಳಗೊಳಗೇ ಖುಷಿ, ಅತ್ತೆಗೆ ಚಿಂತೆ. ಅವರ ಕಣ್ಣು ಮಂದವಾಗುತ್ತ ಬಂದು ಈಗ ಬೆಳಕು ಯಾವುದು, ನೆರಳು ಯಾವುದು ಎಂದಷ್ಟೇ ತಿಳಿಯುತ್ತದೆ. ಆದರೂ ಬೆಳಿಗ್ಗೆ ಮಿಂದು ಬಂದು ದೇವರ ನೈವೇದ್ಯಕ್ಕೆ ಒಂದು ಹಿಡಿ ಅಕ್ಕಿಯ ಅನ್ನ, ಸ್ವಲ್ಪ ತೊವ್ವೆ ಮಾಡುವುದು ಅವರೇ. ನಾನು ಕೈ ಹಾಕುವಂತಿಲ್ಲ. ಹಳೆಯ ಅಡುಗೆಮನೆಯಲ್ಲಿ ಅವರಿಗೆ ಕಣ್ಣು ಬೇಕಾಗಿಯೂ ಇರಲಿಲ್ಲ. ಒಲೆಯ ಮುಂದೆ ನಿಂತರೆ ಕೈ ತಾನಾಗಿ ಹೋಗಬೇಕಾದಲ್ಲಿಗೆ ಹೋಗುತ್ತಿತ್ತು.

"ಹೊಸ್ತ್ ಕಟ್ಟಿ, ನಾನ್ ಬ್ಯಾಡ ಅಂಬುದಿಲ್ಲೆ," ಎಂದರು ಅತ್ತೆ. "ಆದ್ರೆ ಉಪ್ಪ್ ಎಲ್ಲಿತ್ ಅಂದ್ ನಿನ್ನತ್ರ ಕೇಂಬ ಹಾಂಗ್ ಆದ್ರೆ, ನಾನ್ ಮತ್ತೆ ಒಲಿ ಬುಡಕ್ಕ್ ಬಪ್ಪುದಿಲ್ಲೆ. ಚಾವಡ್ಯಗೆ ಕೂಕಂತೆ."

ಅವರು ಸಿಟ್ಟಿನಲ್ಲಿ ಹೇಳಿದ್ದಲ್ಲ, ಹಾಗಾಗಿಯೇ ನನಗೆ ಹೆದರಿಕೆಯಾಯಿತು. ನೈವೇದ್ಯದ ಕೆಲಸ ಬಿಟ್ಟು ಚಾವಡಿಯಲ್ಲಿ ಕೂತ ಅತ್ತೆಯನ್ನು ನೆನೆಸಿಕೊಂಡರೆ ಹೊಸ ಟೈಲ್ಸಿನ ಆಸೆಯೂ ಸಪ್ಪೆಯಾಗುತ್ತಿತ್ತು.

ನಕ್ಷೆ ಮಾಡಿಕೊಡಲು ಬಂದದ್ದು ಬೈಂದೂರು ಕಡೆಯ ಒಬ್ಬಳು ಹುಡುಗಿ. ಮನೆಯ ವಿನ್ಯಾಸವನ್ನೇ ಓದಿದವಳು. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಕಾಗದದ ಸುರುಳಿ, ಬಸ್ಸಿಳಿದು ನಡೆದೇ ಬಂದಳು. ಮೊದಲ ದಿನ ಅಳತೆ ತೆಗೆದ ಮೇಲೆ ಮೂಲೆಯ ಮಣೆಯ ಮೇಲೆ ಕೂತು ಏನೇನೋ ಗೀಚಿದಳು. ಗೀಚಿದ್ದನ್ನು ಒರೆಸಲಿಲ್ಲ. ಅದರ ಮೇಲೆ ತೆಳು ಕಾಗದ ಇಟ್ಟು ಮತ್ತೆ ಗೀಚಿದಳು, ಅದರ ಮೇಲೆ ಇನ್ನೊಂದು. ನನಗೆ ಪಾಪ ಅನಿಸಿತು.

"ಎಂತ ಮಗಾ, ಇನ್ನೂ ತಲೆಗ್ ಹೊಳಿಲಿಲ್ಯಾ?" ಎಂದೆ.

"ಹೊಳ್ದ ಮೇಲೆ ಗೀಚುದಲ್ಲ ಅಕ್ಕ," ಎಂದಳು. "ಗೀಚ್ತಾ ಗೀಚ್ತಾ ಹೊಳಿತ್. ಕಾಗ್ದದ ಮೇಲೆ ಬಂದ್ರೇ ನಾನ್ ಎಂತ ಯೋಚ್ನೆ ಮಾಡ್ತಿದ್ದೆ ಅಂದ್ ನಂಗ್ ಗೊತ್ತಾಪುದ್."

ಆ ಮಾತು ನನಗೆ ತಟ್ಟನೆ ಅರ್ಥವಾಯಿತು. ಹಬ್ಬದ ದಿನ ರಂಗೋಲಿ ಹಾಕುವಾಗ ನಾನೂ ಚುಕ್ಕಿ ಇಟ್ಟು ಸುಮ್ಮನೆ ನೋಡುತ್ತೇನೆ. ಎಳೆ ಎಲ್ಲಿ ತಿರುಗಬೇಕು ಎಂದು ಚುಕ್ಕಿಗಳೇ ಹೇಳುತ್ತವೆ. ಅದನ್ನು ಯೋಚನೆ ಎಂದು ಕರೆಯಬಹುದೆಂದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಮುಂದಿನ ವಾರ ಅವಳು ಲ್ಯಾಪ್‌ಟಾಪ್ ತಂದಳು. ಪರದೆಯ ಮೇಲೆ ನಮ್ಮ ಅಡುಗೆಮನೆ ಮದುಮಗಳ ಹಾಗೆ ಕೂತಿತ್ತು. ಕಿಟಕಿಯಿಂದ ಬಿಸಿಲು, ಕಟ್ಟೆಯ ಮೇಲೆ ಒಂದು ಬಟ್ಟಲು ತುಂಬ ಕೆಂಪು ಸೇಬು.

ನಮ್ಮವರು ಬಗ್ಗಿ ನೋಡಿ, "ಆ್ಯಪಲ್ ಸಮೇತ ಕಟ್ಟಿ ಕೊಡ್ತ್ರಾ?" ಎಂದು ಕೇಳಿದರು. ಹುಡುಗಿ ನಕ್ಕಳು. ನಾನೂ ತಿರುಗಿಸಿ ತಿರುಗಿಸಿ ನೋಡಿದೆ. ಬ್ರಹ್ಮಾವರದ ಅಂಗಡಿಯಲ್ಲಿ ಕಂಡ ಟೈಲ್ಸು ಅದಕ್ಕೆ ಒಪ್ಪುತ್ತದೆ ಎಂದೆ. ಎಲ್ಲ ಸರಿಯಿದೆ, ಸೋಮವಾರ ಪಂಚಾಂಗ, ಅಂದರೆ ಅಡಿಪಾಯ, ತೆಗೆಯಲು ಮೇಸ್ತ್ರಿಗೆ ಹೇಳಿಬಿಡುವುದು ಎಂದು ಮಾತಾಯಿತು.

ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದ ಅತ್ತೆ ಆಗ ಹುಡುಗಿಯ ಕಡೆ ತಿರುಗಿ ಬಾಯಿ ಬಿಟ್ಟರು. "ಎಲ್ಲ ಕಂಡ್ ಆಯ್ತಲ್ದಾ? ನಂಗೆಂತ ತೋರ್ಸುದ್ ಹೆಣೆ?"

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. ಮುಖ ಸಣ್ಣದಾಗಿತ್ತು. ಅಂಗಳದ ಕಡೆ ತಿರುಗಿ, "ಅಕ್ಕ, ಉಮಿ ಇತ್ತಾ? ಒಂದ್ ಚೀಲ ಸಾಕ್," ಎಂದಳು.

ಮರುದಿನ ಬೆಳಿಗ್ಗೆ ಅವಳು ಟೇಪು ಹಿಡಿದು, ನಾನು ಹಗ್ಗ ಹಿಡಿದು, ಅಂಗಳದಲ್ಲಿ ಅಡುಗೆಮನೆಯನ್ನು ಇರಬೇಕಾದ ಅಳತೆಯಲ್ಲೇ ಎಳೆದೆವು. ಹಗ್ಗದ ಗುರುತಿನ ಮೇಲೆ ಉಮಿ ಸುರಿದೆವು, ಬರಿಗಾಲಿಗೆ ಗೋಡೆ ತಿಳಿಯಲಿ ಎಂದು. ಬಾಗಿಲಿಗೆ ಉಮಿ ಇಲ್ಲದ ಜಾಗ. ಹಳೆಯ ಬೆಂಚು ಅಡುಗೆ ಕಟ್ಟೆಯಾಯಿತು, ಅದರ ಮೇಲೆ ಮೂಡಿಗೆ ಮುಖ ಮಾಡಿ ಖಾಲಿ ಗ್ಯಾಸ್ ಒಲೆ. ನಕ್ಷೆಯಲ್ಲಿ ಸಿಂಕ್ ಇದ್ದಲ್ಲಿ ನೀರು ತುಂಬಿದ ಬಾಲ್ದಿ. ಉಪ್ಪಿನ ಮರಿಗೆಯನ್ನೂ, ಅಂದರೆ ಅತ್ತೆ ಉಪ್ಪು ಹಾಕಿಡುವ ಮರದ ಪಾತ್ರೆಯನ್ನೂ, ನಕ್ಷೆ ಹೇಳಿದಲ್ಲೇ ಇಟ್ಟೆವು.

ನಮ್ಮವರು ಪೇಪರ್ ಹಿಡಿದುಕೊಂಡು ಉಮಿ ದಾಟಿ ನೇರ ಒಳಗೆ ಬಂದರು.

"ಗ್ವಾಡಿ ಒಡ್ಕಂಡ್ ಬಂದ್ರ್ಯಲೆ ಮರಾಯ್ರೆ, ಬಾಗ್ಲ್ ಆಚಿಗಿತ್," ಎಂದೆ. ಅವರು ಹೊರಗೆ ಹೋಗಿ, ಬಾಗಿಲಿನ ಜಾಗದಲ್ಲಿ ತಲೆ ತಗ್ಗಿಸಿ ಒಳಗೆ ಬಂದರು.

ಅತ್ತೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ದೇವರನ್ನು ನೆನೆದು, ಒಳಗೆ ಕಾಲಿಟ್ಟರು. ನಡೆದರು, ಬೆಂಚು ಮುಟ್ಟಿದರು, ಒಲೆ ಮುಟ್ಟಿದರು. ಮುಖದಲ್ಲಿ ಸ್ವಲ್ಪ ಧೈರ್ಯ ಬಂತು. ತೊವ್ವೆಗೆ ಉಪ್ಪು ಹಾಕುವವರ ಹಾಗೆ ಎಡಗೈ ಚಾಚಿದರು. ಕೈ ಮಣಿಗಂಟಿನವರೆಗೆ ಬಾಲ್ದಿಯ ನೀರಿಗಿಳಿಯಿತು.

ಅತ್ತೆ ಕೈಯನ್ನು ಅಲ್ಲೇ ಇಟ್ಟುಕೊಂಡು, "ನಿಮ್ಮ ಹೊಸ ಅಡ್ಗಿಮನ್ಯಗೆ ಉಪ್ಪ್ ಪೂರ ಕರ್ಗ್ ಹೋಯ್ತಾ ಹೆಣೆ?" ಎಂದರು.

ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆದರೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವಾಗ ಅವರ ನಗೆ ಇಳಿದದ್ದು ನನಗೆ ಕಂಡಿತು.

ಹಳೆಯ ಅಡುಗೆಮನೆಯಲ್ಲಿ ಎಡಕ್ಕೆ ಉಪ್ಪು, ಬಲಕ್ಕೆ ನೀರು. ಹೊಸ ಟ್ಯಾಂಕು ಬಡಗು ದಿಕ್ಕಿಗೆ ಬರುವುದರಿಂದ ಹುಡುಗಿ ಸಿಂಕನ್ನು ಆ ಬದಿಗೆ, ಅಂದರೆ ಎಡಕ್ಕೆ, ತಂದಿದ್ದಳು. ಪೈಪು ಗಿಡ್ಡವಾಗುತ್ತದೆ, ತಪ್ಪೇನಿಲ್ಲ. ನಾನು ಕಾಗದದಲ್ಲಿ ಕಂಡಿದ್ದೆ, ಪರದೆಯಲ್ಲಿ ಕಂಡಿದ್ದೆ. ದಿನಕ್ಕೆ ಹತ್ತು ಸಲ ಆ ಉಪ್ಪಿಗೆ ಕೈ ಹಾಕುವವಳಾದ ನನಗೂ ಅದು ಹೊಳೆದಿರಲಿಲ್ಲ. ನನ್ನ ಕಣ್ಣು ಸೇಬಿನ ಮೇಲಿತ್ತು.

ಹುಡುಗಿ ಉಮಿಯ ಪಕ್ಕದಲ್ಲೇ ಕೂತು ಸುರುಳಿ ಬಿಚ್ಚಿದಳು. ಕಟ್ಟೆಯನ್ನು ಬರೆದಿದ್ದ ತೆಳು ಕಾಗದವನ್ನು ಮೆಲ್ಲನೆ ಎತ್ತಿ, ಮಗುಚಿ, ಹಿಂದುಮುಂದಾಗಿ ಇಟ್ಟಳು. ಕಾಗದದ ಹಿಂಬದಿಯಿಂದಲೂ ಗೆರೆ ಕಾಣುತ್ತಿತ್ತು. ನೀರು ಬಲಕ್ಕೆ ಹೋಯಿತು, ಉಪ್ಪು ಎಡಕ್ಕೆ ಬಂತು.

"ಪೈಪ್ ಒಂಚೂರ್ ಸುತ್ತ್ ಹಾಕಿ ಬತ್ತ್. ಬರ್ಲಿ," ಎಂದಳು.

ನಾವು ಬಾಲ್ದಿ, ಮರಿಗೆ ಅದಲು ಬದಲು ಮಾಡಿದೆವು. ಅತ್ತೆ ಮತ್ತೆ ನಡೆದರು. ಈ ಸಲ ಹುಡುಗಿ ಅವರ ಹಿಂದೆಯೇ ಬಗ್ಗಿಕೊಂಡು ಹೋಗಿ, ಅವರ ಹಿಮ್ಮಡಿ ಬಿದ್ದಲ್ಲೆಲ್ಲ ರಂಗೋಲಿ ಪುಡಿಯ ಚುಕ್ಕಿ ಇಟ್ಟಳು. ದೇವರ ಕೋಣೆ ಎಂದುಕೊಂಡ ಜಾಗದಿಂದ ಒಲೆಗೆ, ಒಲೆಯಿಂದ ನೀರಿಗೆ, ಮತ್ತೆ ದೇವರ ಕೋಣೆಗೆ. ಅಷ್ಟೂ ಚುಕ್ಕಿಗಳನ್ನು ನಕ್ಷೆಗೆ ಇಳಿಸಿಕೊಂಡು, ಆ ದಾರಿಯಲ್ಲಿ ಬರುತ್ತಿದ್ದ ಫ್ರಿಜ್ಜನ್ನು ಬೇರೆ ಮೂಲೆಗೆ ಕಳಿಸಿದಳು. ನೂಲು ಹಿಡಿದು ಅತ್ತೆಯ ಮೊಣಕೈ ಎಷ್ಟು ಎತ್ತರ, ಕೈ ಎಷ್ಟು ದೂರ ಚಾಚುತ್ತದೆ ಎಂದು ಅಳೆದಳು.

"ದೇವ್ರ ಕ್ವಾಣಿಂದ ಒಲಿಗೆ ಎಷ್ಟ್ ಹೆಜ್ಜಿ ಅಜ್ಜಿ?" ಎಂದು ಕೇಳಿದಳು.

"ನಾನ್ ಎಣ್ಸಿದ್ದಿಲ್ಲೆ ಮಗಾ. ಕಾಲಿಗ್ ಗೊತ್ತಿತ್."

ನಾವು ಕಾಫಿ ಕುಡಿಯಲು ಒಳಗೆ ಹೋದಾಗ ಕೋಳಿಗಳು ಬಂದವು. ಉಮಿಯಲ್ಲಿ ಉಳಿದ ಕಾಳು ಹೆಕ್ಕುತ್ತ ತೆಂಕಿನ ಗೋಡೆಯನ್ನು ಪೂರ್ತಿ ಕೆಡವಿದವು. ಓಡಿಸಲು ಯಾರಿಗೂ ಅವಸರವಿರಲಿಲ್ಲ.

ಕೆಲಸ ಮುಗಿದು ಹಾಲುಕ್ಕಿಸಿದ ಮರುದಿನ ಅತ್ತೆ ಮಿಂದು ಬಂದು ಹೊಸ ಅಡುಗೆಮನೆಗೆ ಒಬ್ಬರೇ ಹೋದರು. ಹುಡುಗಿ ಮೊದಲ ಬಸ್ಸಿಗೇ ಬಂದಿದ್ದಳು. ನಾವು ಮೂವರೂ ಬಾಗಿಲಲ್ಲಿ ನಿಂತೆವು. ಅನ್ನವಾಯಿತು. ತೊವ್ವೆ ಕುದಿಯಿತು. ಅತ್ತೆಯ ಎಡಗೈ ಮೇಲೆದ್ದು ಉಪ್ಪಿನ ಶೆಲ್ಫಿನ ಕಡೆ ಹೋಯಿತು, ಮರಿಗೆಗೆ ಇಳಿಯಿತು, ಒಂದು ಚಿಟಿಕೆ ಉಪ್ಪು ಹಿಡಿದು ತಿರುಗಿ ಬಂತು. ಎಲ್ಲೂ ತಡವರಿಸಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಅತ್ತೆ ತಿರುಗದೆಯೇ ಹೇಳಿದರು: "ಎಂತಕ್ಕ್ ಎಲ್ಲ ಬಾಗ್ಲಗೆ ನಿಂತದ್ದ್? ಒಳ್ಗೆ ಗಾಳಿ ಬಪ್ಪುಕೆ ಬಿಡಿ."

ಅಂದಿನಿಂದ ನೈವೇದ್ಯ ಒಂದು ದಿನವೂ ತಪ್ಪಿಲ್ಲ, ಉಪ್ಪು ಎಲ್ಲಿದೆ ಎಂದು ಅವರು ಒಂದು ದಿನವೂ ಕೇಳಿಲ್ಲ. ಒಂದೇ ಸಂಗತಿ, ಆ ಶೆಲ್ಫು ಅತ್ತೆಯ ಅಳತೆಗೆ ಇಟ್ಟದ್ದು. ಅವರು ಗಿಡ್ಡ, ನಾನು ಉದ್ದ. ಅಂಗಳದಲ್ಲಿ ನೂಲು ಹಿಡಿದಾಗ ನನ್ನ ಮೊಣಕೈ ಯಾರಿಗೂ ನೆನಪಾಗಿರಲಿಲ್ಲ, ನನಗೂ ಸಹ. ಈಗ ಪ್ರತಿ ಸಲ ಉಪ್ಪು ತೆಗೆಯಲು ನಾನು ಬಗ್ಗಬೇಕು. ಶೆಲ್ಫಿನ ಆಚೆ ಗೋಡೆಯ ಹಿಂದೆಯೇ ದೇವರ ಕೋಣೆ. ಹೇಗೂ ಬಗ್ಗಿದ್ದೇನೆ ಎಂದು, ಹಾಗೆಯೇ ಒಂದು ನಮಸ್ಕಾರವನ್ನೂ ಮುಗಿಸಿಬಿಡುತ್ತೇನೆ.