ಠಣ್ ಅನ್ನದ ಪೆಟ್ಟಿಗೆ

ಭದ್ರಾವತಿಯ ಜನ್ನಾಪುರದಲ್ಲಿ ಕೊಟ್ರಬಸಪ್ಪನ ಮನೆ ಯಾವುದು ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ‘ಬಡಿಯೋ ಬಸಪ್ಪ’ ಅಂದರೆ ಮಾತ್ರ ಬಾಗಿಲವರೆಗೂ ಬಿಟ್ಟು ಬರುತ್ತಿದ್ದರು. ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಅವನಿಗೆ ಬಡಿಯುವುದೇ ಉದ್ಯೋಗ. ಅಚ್ಚಿನಿಂದ ಹೊರಬಂದು ತಣ್ಣಗಾದ ಎರಕದ ಸಾಮಾನನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಠಣ್ ಅಂದರೆ ಗಟ್ಟಿ. ಬದ್ ಅಂದರೆ ಒಳಗೆಲ್ಲೋ ಬಿರುಕು ಅಂತ ಅರ್ಥ. ಬಿರುಕಿನ ಮಾಲಿಗೆ ಸೀಮೆಸುಣ್ಣದಲ್ಲಿ ಒಂದು ಕತ್ತರಿ ಗುರುತು ಎಳೆದುಬಿಟ್ಟರೆ ಅದು ಮತ್ತೆ ಕುಲುಮೆಯ ಪಾಲು.

ಈ ವಿದ್ಯೆ ಗೇಟಿನ ಒಳಗೇ ಉಳಿದಿದ್ದರೆ ಚೆನ್ನಾಗಿತ್ತು. ಬಸ್ಸಿನ ಕಂಬಿ, ಹೋಟೆಲಿನ ಲೋಟ, ಗೆಳೆಯರ ಸೈಕಲ್ಲಿನ ಬೆಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟಿ, ಕಿವಿ ವಾರೆ ಮಾಡಿ, ತೀರ್ಪು ಕೊಡುತ್ತಿದ್ದ. ಶಿವಮೊಗ್ಗಕ್ಕೆ ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಕಾಫಿ ಕುಡಿದು ಬೆಳ್ಳಿ ಲೋಟವನ್ನು ಬೆರಳ ಗೆಣ್ಣಿನಿಂದ ಟಿಂಗ್ ಅನ್ನಿಸಿ, ಪರವಾಗಿಲ್ಲ ಎಂಬಂತೆ ತಲೆದೂಗಿದ. ಹುಡುಗಿ ಜಗದಾಂಬಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುವೆ ಆಯಿತು. ಅವಳು ತನ್ನ ಮೀಸೆ ನೋಡಿ ಒಪ್ಪಿದಳೆಂದು ಅವನು ಬಹಳ ದಿನ ನಂಬಿಕೊಂಡಿದ್ದ.

ಜಗದಾಂಬಾಳ ತಂದೆ ಶಿವಶಂಕರಪ್ಪನವರು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದ ಅಡಿಕೆ ವ್ಯಾಪಾರಿ. ನಡುಮನೆಯಲ್ಲಿ ಬೀರುವಿನಷ್ಟು ದೊಡ್ಡ ರೇಡಿಯೋಗ್ರಾಂ; ರೇಡಿಯೋ, ರೆಕಾರ್ಡ್ ಪ್ಲೇಯರು, ಸ್ಪೀಕರು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅದರಲ್ಲಿ ವಚನದ ರೆಕಾರ್ಡ್ ತಟ್ಟೆ ತಿರುಗುವಾಗ ಯಾರಾದರೂ ಬಾಯಿ ಬಿಟ್ಟರೆ, ಮಂಡಿಯ ದೊಡ್ಡ ಗಿರಾಕಿಯೇ ಆದರೂ ಸರಿ, ಅವರು ಕೈ ಎತ್ತಿ ಸುಮ್ಮನಿರಿಸುತ್ತಿದ್ದರು. ಅಂಥ ಮನೆಯ ಮಗಳು ಜನ್ನಾಪುರಕ್ಕೆ ಬಂದಾಗ ಇಲ್ಲಿ ಇದ್ದದ್ದು ಒಂದು ರೆಕಾರ್ಡ್ ಪ್ಲೇಯರು, ಒಂದು ಆಂಪ್ಲಿಫೈಯರು. ಹಾಡು ಹೊರಗೆ ಬರುವುದಕ್ಕೆ ಬೇಕಾದ ಸ್ಪೀಕರು ಮಾತ್ರ ಇರಲಿಲ್ಲ.

“ನಮ್ಮ ರೇಡಿಯೋಗ್ರಾಂ ಲಾರೀಲಿ ಹಾಕಿ ಕಳಿಸ್ತೀನಪ್ಪ,” ಅಂದರು ಮಾವ. “ಹಾಡು ಕೇಳದಿದ್ರೆ ಮಗಳಿಗೆ ಊಟ ಸೇರಲ್ಲ.”

“ಬೇಡ ಮಾವ. ಪಂಚಮಿಗೆ ಇವಳನ್ನ ಕರ್ಕೊಂಡು ಹೋಗೋಕೆ ಬರ್ತೀರಲ್ಲ, ಆವತ್ತು ನಮ್ಮನೇಲಿ ಕೂತು ಕೇಳಿ. ನಿಮ್ಮದಕ್ಕಿಂತ ಚೆನ್ನಾಗಿಲ್ಲ ಅನ್ನಿಸಿದ್ರೆ ನಿಮ್ಮ ರೇಡಿಯೋಗ್ರಾಂ ನಾನೇ ಹೊತ್ಕೊಂಡು ಬರ್ತೀನಿ. ನನ್ನ ಕಿವಿ ಮೋಸ ಹೋಗಲ್ಲ.”

ಇಷ್ಟನ್ನು ಹತ್ತು ಜನ ನೆಂಟರೆದುರು ಹೇಳಿದ್ದ. ಹೇಳಿ ಮೀಸೆಯನ್ನೂ ತಿರುವಿದ್ದ.

ಹಳೇ ರೇಡಿಯೋ ಮಾರುವ ನರಸಿಂಹಮೂರ್ತಿಯವರ ಅಂಗಡಿ ಶಿವಮೊಗ್ಗದಲ್ಲಿತ್ತು. ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹಿಂತಿರುಗಿದ ಇಬ್ಬರು ವಿಲಾಯಿತಿ ಇಂಜಿನಿಯರುಗಳು ಬಿಟ್ಟುಹೋದ ಎರಡು ಸ್ಪೀಕರ್ ಪೆಟ್ಟಿಗೆಗಳು ಅಲ್ಲಿ ಪಕ್ಕಪಕ್ಕ ನಿಂತಿದ್ದವು. ಒಂದು ದಪ್ಪ ಹಲಗೆಯದು, ಕುಳ್ಳಗೆ, ಮಂಕು ಬಣ್ಣ, ಮುಂದಿನ ಬಟ್ಟೆಯ ಮೇಲೆ ಚಹಾದ ಕಲೆ. ಇನ್ನೊಂದು ತೆಳುವು, ಕನ್ನಡಿಯಂತೆ ಪಾಲಿಶ್ಶು, ಕೊಕ್ಕರೆ ಕಾಲು.

“ಎರಡೂ ಒಂದೇ ವಂಶ ಸ್ವಾಮಿ. ಇದು ಅಣ್ಣ, ಅದು ತಮ್ಮ,” ಅಂದರು ನರಸಿಂಹಮೂರ್ತಿ. “ಒಳಗಿನ ಸ್ಪೀಕರು ಒಂದೇ. ಆಮೇಲಾಮೇಲೆ ಕಂಪನಿಯವರು ಪೆಟ್ಟಿಗೆ ಬದಲಾಯಿಸಿದ್ದಾರೆ, ಅಷ್ಟೆ.”

ಒಂದೇ ತಟ್ಟೆಯನ್ನು ಎರಡರಲ್ಲೂ ಹಾಕಿಸಿ ಜಗದಾಂಬಾ ಕಣ್ಣು ಮುಚ್ಚಿ ಕೇಳಿದಳು. “ರೀ, ಅಣ್ಣನೇ ಇರಲಿ. ಹಾಡೋರು ಎದುರಿಗೆ ಬಂದು ಕೂತ ಹಾಗಿದೆ. ತಮ್ಮನ ದನಿ ಜೋರು, ಆದ್ರೆ ಯಾಕೋ…”

“ಯಾಕೋ ಅಂದ್ರೆ?”

“ಹೇಳೋಕೆ ಬರಲ್ಲ.”

ಹೇಳೋಕೆ ಬರದ್ದನ್ನು ತೀರ್ಮಾನ ಮಾಡಲು ತಾನಿದ್ದೇನಲ್ಲ ಎಂದು ಕೊಟ್ರಬಸಪ್ಪ ಮುಂದೆ ಬಂದ. ಅಣ್ಣನ ಬೆನ್ನಿಗೆ ಗೆಣ್ಣಿನಿಂದ ಒಂದು ಕೊಟ್ಟ: ಬದ್. ಮುಖ ಕಿವುಚಿದ. ತಮ್ಮನಿಗೆ ಕೊಟ್ಟ. ಮರದ ಬಾಯಲ್ಲಿ ಬರಬಹುದಾದಷ್ಟು ಠಣ್ ಬಂತು, ಬಂದು ಸ್ವಲ್ಪ ಹೊತ್ತು ನಿಂತಿತು ಕೂಡ.

“ತೆಂಗಿನಕಾಯಿ ಅಲ್ಲ ಮಾರಾಯ್ರೆ ಅದು!” ಅಂದರು ನರಸಿಂಹಮೂರ್ತಿ.

“ಅಣ್ಣನ ಒಳಗೆ ಬಿರುಕಿದೆ ಸ್ವಾಮಿ. ನಿಮಗೆ ಗೊತ್ತಾಗಲ್ಲ ಬಿಡಿ. ತಮ್ಮನ್ನ ಕಟ್ಟಿಕೊಡಿ.”

“ಕಟ್ಟಿಕೊಡ್ತೀನಿ. ಆದ್ರೆ ವಾಪಸ್ಸು ಅಂತ ಬರಬೇಡಿ.”

ಬಸ್ಸಿನ ಟಾಪಿನ ಮೇಲೆ ಬಂದ ತಮ್ಮ, ಹಗುರ ಇದ್ದದ್ದರಿಂದ ಕೊಟ್ರಬಸಪ್ಪನ ಹೆಗಲ ಮೇಲೆ ಜನ್ನಾಪುರ ಸೇರಿದ. ಸಂಜೆ ತಟ್ಟೆ ಹಾಕಿದರು. ಗಾಯಕರು ಮೇಲಿನ ಸ್ವರದಲ್ಲಿ ಇರುವಷ್ಟು ಹೊತ್ತು ಕ್ಷೇಮ. ಕೆಳಗೆ ಇಳಿದದ್ದೇ ತಡ, ಹಂಡೆಯೊಳಗೆ ತಲೆಯಿಟ್ಟು ಹಾಡಿದಂತಾಯಿತು. ಮೃದಂಗದ ಒಂದೊಂದು ಪೆಟ್ಟಿಗೂ ಅಡುಗೆಮನೆಯ ತಟ್ಟೆಗಳು ಗಲಗಲ ಅಂದವು.

“ಹೊಸ ಜಾಗ ನೋಡು. ಸ್ವಲ್ಪ ಹೊಂದಿಕೋಬೇಕು,” ಅಂದ ಕೊಟ್ರಬಸಪ್ಪ.

“ಯಾರು? ಪೆಟ್ಟಿಗೇನೋ, ನಾವೋ?”

ಮೂಲೆಗೆ ಸರಿಸಿದ, ಗುಡುಗು ಜಾಸ್ತಿಯಾಯಿತು. ಅಡ್ಡ ಮಲಗಿಸಿದ, ಗುಡುಗೂ ಅಡ್ಡ ಮಲಗಿಕೊಂಡು ಗುಡುಗಿತು. ಮಾನ ಬಿಟ್ಟು ಶಿವಮೊಗ್ಗಕ್ಕೆ ಹೋಗಿ ಅಣ್ಣನನ್ನು ವಿಚಾರಿಸಿದರೆ, ಬಿರುಕಿನ ಅಣ್ಣ ಆಗಲೇ ಯಾರದೋ ಮನೆ ಸೇರಿದ್ದ. ಪಂಚಮಿ ಹತ್ತಿರ ಬರುತ್ತಿತ್ತು. ರೇಡಿಯೋಗ್ರಾಂ ಹೊತ್ತುಕೊಂಡು ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆಯುವ ತನ್ನನ್ನು ಅವನು ಊಟದ ಹೊತ್ತಿಗೆಲ್ಲ ಕಣ್ಣೆದುರು ಕಾಣತೊಡಗಿದ. ದಾರಿಯುದ್ದಕ್ಕೂ ಫೌಂಡ್ರಿಯವರೇ ನಿಂತಿರುತ್ತಿದ್ದರು.

ಕಡೆಗೆ ಜಗದಾಂಬಾ, ಹಾಡು ನಡೆಯುತ್ತಿದ್ದಾಗಲೇ ಎದ್ದು ಹೋಗಿ ಪೆಟ್ಟಿಗೆಯ ಎರಡು ಮಗ್ಗುಲಿಗೂ ಅಂಗೈ ಇಟ್ಟಳು. ಗುಡುಗು ಅರ್ಧಕ್ಕರ್ಧ ಇಳಿಯಿತು. ಕೈ ತೆಗೆದಳು, ಮತ್ತೆ ಎದ್ದಿತು.

“ಈಗ ಹೇಳೋಕೆ ಬಂತು ರೀ. ಹಾಡೋರ ಜೊತೆ ನಿಮ್ಮ ಪೆಟ್ಟಿಗೆನೂ ಹಾಡ್ತಾ ಇದೆ. ಅದಕ್ಕೆ ಬರೋದು ಒಂದೇ ಸ್ವರ. ಹಾಡೋರು ನಿಲ್ಲಿಸಿದ್ರೂ ಇದು ನಿಲ್ಲಿಸಲ್ಲ.”

ಕೊಟ್ರಬಸಪ್ಪ ತಾನೂ ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟು ನೋಡಿದ. ಹೊರಗಿನಿಂದ ತಾನು ಒಂದು ಸಲ ತಟ್ಟಿ ಮೆಚ್ಚಿದ್ದನ್ನು ಒಳಗಿನಿಂದ ಹಾಡು ಪ್ರತಿ ಕ್ಷಣವೂ ತಟ್ಟುತ್ತಿದೆ. ಎರಕಕ್ಕೆ ಗುಣವಾದ ಠಣ್ ಈ ಪೆಟ್ಟಿಗೆಗೆ ರೋಗ. ಶಿವಮೊಗ್ಗದ ಆ ಅಂಗಡಿಗೆ ಹೋಗಿ, ಒಳ್ಳೆಯದನ್ನು ಬಡಿದು ನೋಡಿ ಕೆಟ್ಟದ್ದನ್ನು ಆರಿಸಿ ತರಲು ಫೌಂಡ್ರಿಯವನೇ ಆಗಬೇಕಿತ್ತು.

ಆದರೆ ಪೆಚ್ಚಾಗಿ ಕೂರುವುದು ಅವನ ಜಾಯಮಾನವಲ್ಲ. ಠಣ್ ಅನ್ನುವುದನ್ನು ಸುಮ್ಮನಾಗಿಸಲು ಏನು ಬೇಕು? ದಿನಾ ಕಣ್ಣೆದುರೇ ಇರುವ ಅಚ್ಚಿನ ಪೆಟ್ಟಿಗೆ ನೆನಪಾಯಿತು. ಖಾಲಿ ಇದ್ದಾಗ ಕೂಗುವ ಅದೇ ಪೆಟ್ಟಿಗೆ, ಮರಳು ತುಂಬಿದರೆ ಎಷ್ಟು ಬಡಿದರೂ ಉಸಿರೆತ್ತುವುದಿಲ್ಲ.

“ಜಗದಾ, ರೊಟ್ಟಿ ಹಂಚು ಕೊಡು!”

“ಯಾಕೆ? ಅದನ್ನೂ ತಟ್ಟಿ ನೋಡ್ತೀರಾ?”

ಭದ್ರಾ ಹೊಳೆಯಿಂದ ಮರಳು ತಂದ. ಜರಡಿ ಹಿಡಿದ. ಹಸಿ ಮರಳು ಎರಕ ಕೆಡಿಸುತ್ತದೆಂದು ಬಲ್ಲವನು ಪೆಟ್ಟಿಗೆಗೂ ಅದನ್ನು ಹಾಕಲಾರ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಹಂಚಿನ ಮೇಲೆ ರವೆಯಂತೆ ಹುರಿದ. “ನಾಳೆ ರೊಟ್ಟಿ ಕರಕರ ಅಂದ್ರೆ ನನ್ನ ಕೇಳಬೇಡಿ,” ಅನ್ನುತ್ತ ಜಗದಾಂಬಾ ಹಂಚಿಗೆ ಮೊರಗಟ್ಟಲೆ ಮರಳು ಸುರಿದುಕೊಟ್ಟಳು. ಪೆಟ್ಟಿಗೆಯ ಒಳಗೆ, ಬೆನ್ನಿಗೂ ಮಗ್ಗುಲಿಗೂ ಇನ್ನೊಂದೊಂದು ಹಲಗೆಯನ್ನು ಬೆರಳಗಲ ಸಂದು ಬಿಟ್ಟು ಕೂರಿಸಿದ. ಸಂದಿಗೆ ಮರಳು ಸುರಿದು, ತಟ್ಟಿ ತಟ್ಟಿ ಇಳಿಸಿ, ಬಾಯಿ ಮುಚ್ಚಿದ. ಕೊಕ್ಕರೆ ಕಾಲುಗಳು ಭಾರ ತಾಳದೆ ವಾಲಿದ್ದರಿಂದ ಅವನ್ನು ಕಿತ್ತು ಇಟ್ಟಿಗೆಯ ಆಸರೆ ಕೊಟ್ಟ.

ಆಮೇಲೆ ಗೆಣ್ಣಿನಿಂದ ಒಂದು ಏಟು. ಬದ್.

ಅವನ ಕೈ ತಾನಾಗಿಯೇ ಜೇಬಿಗೆ ಹೋಗಿ, ಸೀಮೆಸುಣ್ಣ ತೆಗೆದು, ಪಾಲಿಶ್ಶಿನ ಮೇಲೆ ದೊಡ್ಡದೊಂದು ಕತ್ತರಿ ಗುರುತು ಎಳೆಯಿತು. ಎಳೆದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಜಗದಾಂಬಾ ಹೊಸ್ತಿಲ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಅಳಿಸಬೇಡಿ ರೀ. ಇರಲಿ ಅದು.”

ಪಂಚಮಿಯ ಹಿಂದಿನ ದಿನ ಶಿವಶಂಕರಪ್ಪನವರು ಕೊಡೆ ಮಡಚಿಕೊಂಡು ಬಂದರು. ನೀರು ಕುಡಿದು, ಪೆಟ್ಟಿಗೆಯನ್ನೂ ಇಟ್ಟಿಗೆಯನ್ನೂ ನೋಡಿ, ಚಾಪೆಯ ಮೇಲೆ ಕೂತರು. ಮಗಳು ತಟ್ಟೆ ಹಾಕಿದಳು. ಗಾಯಕರು ಕೆಳಗಿನ ಸ್ವರಕ್ಕೆ ಇಳಿದರು, ಅಲ್ಲೇ ನಿಂತರು, ನಿಧಾನವಾಗಿ ಮೇಲೆ ಬಂದರು. ಅಡುಗೆಮನೆಯ ತಟ್ಟೆಗಳು ತಮ್ಮ ಪಾಡಿಗೆ ತಾವಿದ್ದವು.

“ಇದೇನು ಈ ಗುರುತು?” ಹಾಡು ಮುಗಿದ ಮೇಲೆ ಮಾವ ಕೇಳಿದರು.

“ನಿಮ್ಮ ಅಳಿಯಂದಿರು ಫೇಲ್ ಮಾಡಿದ ಮಾಲು ಅಪ್ಪ.”

ಶಿವಶಂಕರಪ್ಪನವರು ಮುಂದೆ ಬಾಗಿ ತಾವೇ ಒಂದು ಸಲ ತಟ್ಟಿದರು. “ಬಿರುಕು ಬಿಟ್ಟಿದೆಯಲ್ಲಪ್ಪ?”

“ಹೌದು ಮಾವ. ಕಷ್ಟಪಟ್ಟು ಬಿಡಿಸಿದ್ದು.”

“ಹೂಂ. ತಟ್ಟೆಯ ಇನ್ನೊಂದು ಮಗ್ಗುಲು ಹಾಕಮ್ಮ.”

“ಬಸ್ಸಿಗೆ ಹೊತ್ತಾಯ್ತು ಅಪ್ಪ.”

“ಮುಂದಿನ ಬಸ್ಸಿದೆ.”

ತಟ್ಟೆ ತಿರುಗಿತು. ಕೊಟ್ರಬಸಪ್ಪನಿಗೆ ತಡೆಯಲಾಗಲಿಲ್ಲ. “ಮಾವ, ಹಾಗಾದ್ರೆ ನಿಮ್ಮ ರೇಡಿಯೋಗ್ರಾಂ…”

ಶಿವಶಂಕರಪ್ಪನವರು ಕಣ್ಣು ತೆರೆಯದೆ ಕೈ ಎತ್ತಿ ಅಳಿಯನನ್ನು ಸುಮ್ಮನಿರಿಸಿದರು.